ಬೆಕ್ಕಿಗೆ ಸಕ್ಕರೆ ಕಾಯಿಲೆ: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ, ಮನೆಯಲ್ಲಿ ಏನು ಮಾಡಬೇಕು? ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರಲ್ಲಿ ಎರಡು ಬಗೆ. ಕೆಲವರಿಗೆ ಸೂಜಿ ಎಂದರೆ ಕೈ ನಡುಗುತ್ತದೆ. ಇನ್ನು ಕೆಲವರಿಗೆ, ಮನೆಯಲ್ಲಿ ಅಜ್ಜನಿಗೂ ಇದೇ ಕಾಯಿಲೆ ಇರುವುದರಿಂದ, ಎಲ್ಲ ಗೊತ್ತಿದೆ ಎಂಬ ಧೈರ್ಯ. ನನಗೆ ಹೆಚ್ಚು ಭಯವಾಗುವುದು ಈ ಎರಡನೆಯವರ ಬೆಕ್ಕಿನ ಬಗ್ಗೆ. ಕಾರಣ ಮೂರನೆಯ ಹಂತದಲ್ಲಿದೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ರಕ್ತದಲ್ಲಿ ಸಕ್ಕರೆ ಏರಿದರೆ ಬೆಕ್ಕು ವಾರಗಟ್ಟಲೆ ಸೊರಗುತ್ತದೆ. ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ಅನುಮಾನ ಬಂದಾಗಲೆಲ್ಲ ಇನ್ಸುಲಿನ್ ಕಡಿಮೆಯಾದರೂ ಚಿಂತೆಯಿಲ್ಲ, ಹೆಚ್ಚಾಗಬಾರದು. ಎಷ್ಟು ಯೂನಿಟ್ ಎಂಬುದನ್ನು ನಿಮ್ಮ ಬೆಕ್ಕನ್ನು ಕಣ್ಣಾರೆ ನೋಡಿದ ಪಶುವೈದ್ಯರೇ ಹೇಳಬೇಕು. ಇಲ್ಲಿರುವುದು ಅವರು ಹೇಳಿದ್ದನ್ನು ಮನೆಯಲ್ಲಿ ತಪ್ಪಿಲ್ಲದೆ ನಡೆಸುವ ಕ್ರಮ.

1. ಕಾಯಿಲೆ ಹೌದೇ ಎಂದು ಖಚಿತಪಡಿಸಿಕೊಳ್ಳಿ

ನಮ್ಮ ಕಡೆ ಈ ಕಾಯಿಲೆ ತಡವಾಗಿ ಗೊತ್ತಾಗಲು ಬಿಸಿಲೇ ದೊಡ್ಡ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟಿದಾಗ ಬೆಕ್ಕು ಬಟ್ಟಲು ಬಟ್ಟಲು ನೀರು ಕುಡಿದರೆ ಯಾರಿಗೆ ತಾನೇ ಸಂಶಯ ಬರುತ್ತದೆ? ಅಳೆದು ನೋಡಿ. ಬೆಳಗ್ಗೆ ಬಟ್ಟಲಿಗೆ ಹಾಕಿದ ನೀರಿನಿಂದ ಮರುದಿನ ಬೆಳಗ್ಗೆ ಉಳಿದದ್ದನ್ನು ಕಳೆಯಿರಿ. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ಪಾಲು ತಿಳಿಯಲು ಬೆಕ್ಕಿಗೆ ಎಟುಕದ ಕಡೆ ಇನ್ನೊಂದು ಬಟ್ಟಲನ್ನೂ ಇಡಿ. ತೂಕದ ಪ್ರತಿ ಕಿಲೋಗೆ ದಿನಕ್ಕೆ 50 ಮಿಲಿಲೀಟರಿಗಿಂತ ಹೆಚ್ಚು, ಅಂದರೆ 4 ಕಿಲೋ ಬೆಕ್ಕು 200 ಮಿಲಿಲೀಟರಿಗಿಂತ ಹೆಚ್ಚು, ದಿನಾಲೂ ಕುಡಿಯುತ್ತಿದ್ದರೆ ಅದು ಬರೀ ಬಿಸಿಲಲ್ಲ.

ಉಳಿದ ಲಕ್ಷಣಗಳು ಇವು: ಪದೇ ಪದೇ ಮೂತ್ರ, ಹೊಟ್ಟೆ ತುಂಬ ತಿಂದರೂ ತೂಕ ಇಳಿಯುವುದು, ಮಂಕಾದ ಕೂದಲು. ಶಹಾಬಾದಿ ಕಲ್ಲಿನ ನೆಲದಲ್ಲಿ ಮೂತ್ರ ಒಣಗಿದ ಕಡೆ ಕಾಲಿಗೆ ಅಂಟು ಹತ್ತುತ್ತದೆ, ಸ್ವಲ್ಪ ಹೊತ್ತಿನಲ್ಲೇ ಇರುವೆ ಸಾಲುಗಟ್ಟುತ್ತವೆ. ಕಾಯಿಲೆ ಹಳೆಯದಾದರೆ ಹಿಂಗಾಲಿನ ನರಗಳು ಸೋತು, ಬೆರಳ ತುದಿಯಲ್ಲಿ ನಡೆಯಬೇಕಾದ ಬೆಕ್ಕು ಕರಡಿಯಂತೆ ಇಡೀ ಹಿಮ್ಮಡಿ ಊರಿ ನಡೆಯುತ್ತದೆ. ದಪ್ಪಗಿರುವ, ಸಂತಾನಹರಣ ಮಾಡಿಸಿದ, ಏಳು ವರ್ಷ ದಾಟಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ತುರಿಕೆಗೋ ಬಾಯಿಹುಣ್ಣಿಗೋ ಪದೇ ಪದೇ ಸ್ಟೀರಾಯ್ಡ್ ಚುಚ್ಚಿಸಿಕೊಂಡ ಬೆಕ್ಕುಗಳಲ್ಲೂ ಬರುತ್ತದೆ.

ಒಂದೇ ರಕ್ತಪರೀಕ್ಷೆಯಿಂದ ಮಾತ್ರ ತೀರ್ಮಾನಕ್ಕೆ ಬರಬೇಡಿ. ಆರೋಗ್ಯವಂತ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ, ಆಟೋದಲ್ಲಿ ಕೂರಿಸಿ, ನಾಯಿಗಳು ಬೊಗಳುವ ಆಸ್ಪತ್ರೆಗೆ ಒಯ್ದರೆ ಹೆದರಿಕೆಗೇ ಸಕ್ಕರೆ 300 (ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ) ದಾಟಬಹುದು. ಹಾಗಾಗಿ ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಿಸಿ, ಸಾಧ್ಯವಾದರೆ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿ. ಫ್ರಕ್ಟೋಸಮೈನ್ ಎಂದರೆ ಸಕ್ಕರೆ ಅಂಟಿಕೊಂಡ ರಕ್ತದ ಪ್ರೋಟೀನು. ಹಿಂದಿನ ಒಂದೆರಡು ವಾರಗಳಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಎಂಬುದನ್ನು ಇದು ತೋರಿಸುತ್ತದೆ, ಒಂದು ಗಳಿಗೆಯ ಹೆದರಿಕೆಗೆ ಏರುವುದಿಲ್ಲ. ಮೂತ್ರಪಿಂಡ, ಹಲ್ಲು, ಮೂತ್ರದ ಸೋಂಕು ಇವನ್ನೂ ಅದೇ ಭೇಟಿಯಲ್ಲಿ ನೋಡಿಸಿಬಿಡಿ. ಎಲ್ಲೋ ಒಂದು ಸೋಂಕು ಉಳಿದಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ದನ, ಎಮ್ಮೆ, ಕುರಿಗಳನ್ನೇ ಹೆಚ್ಚಾಗಿ ನೋಡುವ ಆಸ್ಪತ್ರೆಯಲ್ಲಿ ಬೆಕ್ಕಿನ ಮಧುಮೇಹದ ಅನುಭವ ಕಡಿಮೆ ಇರಬಹುದು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿನ ಪಶುವೈದ್ಯಕೀಯ ಕಾಲೇಜಿಗೆ ಆಸ್ಪತ್ರೆಯೂ ಇದೆ. ಮೊದಲ ಸಲ ಅಲ್ಲಿ ತೋರಿಸಿ, ಆಮೇಲಿನದ್ದನ್ನು ಊರಿನ ವೈದ್ಯರ ಬಳಿ ಮುಂದುವರಿಸುವುದು ನನ್ನ ಸಲಹೆ.

2. ಸಾಮಾನು ಕೂಡಿಸಿಕೊಳ್ಳಿ

ವೈದ್ಯರು ಬರೆದ ಇನ್ಸುಲಿನ್, ಅದಕ್ಕೆ ಹೊಂದುವ ಸಿರಿಂಜ್, ಗ್ಲುಕೋಮೀಟರ್ ಮತ್ತು ಅದರ ಪಟ್ಟಿ, ಚುಚ್ಚಲು ಲ್ಯಾನ್ಸೆಟ್, ಮೂತ್ರದಲ್ಲಿ ಸಕ್ಕರೆ ಹಾಗೂ ಕೀಟೋನ್ (ಇದೇನೆಂದು ಒಂಬತ್ತನೆಯ ಹಂತದಲ್ಲಿದೆ) ನೋಡುವ ಪಟ್ಟಿ, ಜೇನುತುಪ್ಪ ಅಥವಾ ಗ್ಲುಕೋಸ್ ಪುಡಿ, ಅಡುಗೆಮನೆಯ ತಕ್ಕಡಿ, ಒಂದು ನೋಟ್‌ಪುಸ್ತಕ. ಬೆಕ್ಕಿಗಾಗಿಯೇ ಮಾಡಿದ ಗ್ಲುಕೋಮೀಟರ್ ಸಿಗದಿದ್ದರೆ ಮನುಷ್ಯರದ್ದೇ ಸಾಕು. ಅದು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆ ಅಂಕಿ ತೋರಿಸುತ್ತದೆ. ಆದ್ದರಿಂದ ಯಾವ ಉಪಕರಣ ಎಂದು ವೈದ್ಯರಿಗೆ ತಿಳಿಸಿ, ನಡುವೆ ಬದಲಾಯಿಸಬೇಡಿ.

3. ಇನ್ಸುಲಿನ್‌ಗೆ ತಕ್ಕ ಸಿರಿಂಜ್

ಈ ಹಂತವನ್ನು ಎರಡು ಸಲ ಓದಿ. ನಮ್ಮ ದೇಶದ ಔಷಧ ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಸಾಂದ್ರತೆಯ ಇನ್ಸುಲಿನ್ ಮಾರಾಟವಾಗುತ್ತದೆ. ಯು-40 ಎಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಮನುಷ್ಯರಿಗೆ ಕೊಡುವ ಸಾಮಾನ್ಯ ಬಾಟಲಿಗಳಲ್ಲಿ ಬಹುಪಾಲು ಇವೇ. ಯು-100 ಎಂದರೆ ಒಂದು ಮಿಲಿಲೀಟರಿನಲ್ಲಿ 100 ಯೂನಿಟ್. ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಸಾಮಾನ್ಯವಾಗಿ ಈ ಬಗೆಯದು. ಎರಡಕ್ಕೂ ಸಿರಿಂಜ್ ಬೇರೆ ಬೇರೆ. ಯು-40 ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳ.

ಅಂಗಡಿಯವರು ಕೈಗೆ ಸಿಕ್ಕಿದ ಕೆಂಪು ಮುಚ್ಚಳದ ಸಿರಿಂಜ್ ಕೊಟ್ಟರು, ನೀವು ಅದರಲ್ಲಿ ಗ್ಲಾರ್ಜಿನ್ ಅನ್ನು ಒಂದರ ಗೆರೆಯವರೆಗೆ ಎಳೆದಿರಿ ಎಂದುಕೊಳ್ಳಿ. ಬೆಕ್ಕಿನ ಮೈಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ. ಇಷ್ಟರಲ್ಲೇ ಬೆಕ್ಕು ಸೆಳೆತ ಬಂದು ಬೀಳಬಹುದು. ತಿರುಗುಮುರುಗಾದರೆ, ಅಂದರೆ ಯು-40 ಔಷಧವನ್ನು ಯು-100 ಸಿರಿಂಜಿನಲ್ಲಿ ಎಳೆದರೆ, ಒಂದರ ಬದಲು 0.4 ಯೂನಿಟ್ ಮಾತ್ರ ಹೋಗುತ್ತದೆ. ಔಷಧ ಹಿಡಿಯುತ್ತಿಲ್ಲ ಎಂದು ನೀವು ತಲೆ ಕೆಡಿಸಿಕೊಳ್ಳುತ್ತೀರಿ. ಬಾಟಲಿಯ ಮೇಲೆ 40 ಎಂದಿದೆಯೋ 100 ಎಂದಿದೆಯೋ, ಸಿರಿಂಜಿನ ಮೇಲೂ ಅದೇ ಅಂಕಿ ಇದೆಯೋ ಎಂದು ಅಂಗಡಿಯ ಕಟ್ಟೆಯ ಮೇಲೇ ಓದಿಕೊಳ್ಳಿ. ಬೆಕ್ಕಿನ ಪ್ರಮಾಣ ಬಹಳ ಸಣ್ಣದು, ಶುರುವಿನಲ್ಲಿ ಹೆಚ್ಚಿನ ಬೆಕ್ಕುಗಳಿಗೆ ಹೊತ್ತಿಗೆ ಒಂದು ಯೂನಿಟ್‌ನ ಆಸುಪಾಸು. ಆದ್ದರಿಂದ ಒಟ್ಟು 30 ಯೂನಿಟ್ ಹಿಡಿಯುವ, ಅರ್ಧ ಯೂನಿಟ್ ಗೆರೆಗಳಿರುವ ಯು-100 ಸಿರಿಂಜ್ ಸಿಕ್ಕರೆ ಎಷ್ಟೋ ವಾಸಿ.

ಅಜ್ಜನ ಇನ್ಸುಲಿನ್‌ನಲ್ಲೇ ಒಂದು ಹನಿ ಕೊಡಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ: ಖಂಡಿತ ಬೇಡ. ಅದು ಬಹುಶಃ 30/70 ಎಂಬ ಮಿಶ್ರಣ, ಬೇಗ ಕೆಲಸ ಮಾಡುವ ಪಾಲು ಅದರಲ್ಲಿ ಸೇರಿದೆ. ಮನುಷ್ಯರ ಮಾತ್ರೆಗಳೂ ಬೇಡ. ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಬೆಕ್ಕುಗಳಿಗೆಂದೇ ಬಾಯಿಂದ ಕೊಡುವ ಎರಡು ಔಷಧಗಳಿಗೆ ಅನುಮತಿ ಸಿಕ್ಕಿದೆ. ಅದನ್ನು ಓದಿ, ಅದೇ ಗುಂಪಿನ ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಕೊಡಲು ಹೋಗಬೇಡಿ. ಆ ಔಷಧಗಳಿಗೆ ಬೆಕ್ಕನ್ನು ಆರಿಸುವುದೇ ಎಚ್ಚರಿಕೆಯ ಕೆಲಸ, ತಪ್ಪಿದರೆ ಒಂಬತ್ತನೆಯ ಹಂತದಲ್ಲಿ ಹೇಳಿರುವ ಕೀಟೋನ್ ಅಪಾಯ ಬರುತ್ತದೆ. ಮೆಂತ್ಯ, ಹಾಗಲರಸ, ಬೇವು ಇವುಗಳ ವಿಷಯ ಬರೆಯುವುದೂ ದಂಡ. ಬೆಕ್ಕು ಮೂಸಿಯೂ ನೋಡುವುದಿಲ್ಲ, ಬಲವಂತ ಮಾಡಿದರೆ ಊಟವನ್ನೇ ಬಿಡುತ್ತದೆ.

4. ಬಿಸಿಲಿನಿಂದ ಔಷಧ ಕಾಪಾಡಿ

ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್‌ನ ಬಾಗಿಲಲ್ಲಿ ಇಡಬೇಡಿ, ತೆಗೆದು ಹಾಕಿ ಮಾಡಿದಾಗಲೆಲ್ಲ ಬಿಸಿಗಾಳಿ ತಾಗುತ್ತದೆ. ನಡುವಿನ ಅಂಕಣದಲ್ಲಿ ಡಬ್ಬಿಯೊಳಗಿಡಿ. ಮಂಜುಗಡ್ಡೆ ಕಟ್ಟುವ ಪೆಟ್ಟಿಗೆಗೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಚೆನ್ನಾಗಿ ಕಂಡರೂ ಕೆಲಸಕ್ಕೆ ಬಾರದು.

ಮೇ ತಿಂಗಳಲ್ಲಿ ಔಷಧ ತರಲು ಹೋಗುವಾಗ ಬಾಯಗಲದ ಥರ್ಮಾಸಿನಲ್ಲಿ ಐಸ್ ಪ್ಯಾಕ್ ಹಾಕಿಕೊಂಡು ಹೋಗಿ, ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು ಸೂಪರ್ ಮಾರ್ಕೆಟ್ಟಿನಲ್ಲಿ ತರಕಾರಿ ಕೊಂಡು ಬಂದರೆ ಅಷ್ಟರಲ್ಲೇ ಔಷಧ ಕೆಟ್ಟಿರಬಹುದು. ಕರೆಂಟ್ ದಿನವಿಡೀ ಹೋಗುವ ಊರಾದರೆ, ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರ ನಡುವೆ ಸಣ್ಣ ಮಡಕೆ ಕೂರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು ನೆರಳಿನಲ್ಲಿಡಿ. ನಮ್ಮ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಆದರೆ ಫ್ರಿಜ್‌ನಷ್ಟು ತಂಪಾಗದು, ಹೊತ್ತು ಕಳೆಯಲು ಮಾತ್ರ.

ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಬ್ಬಾದರೆ ಎಸೆಯಿರಿ. ಕೆಲವು ಬೇರೆ ಇನ್ಸುಲಿನ್‌ಗಳು ಹುಟ್ಟಿನಿಂದಲೇ ಹಾಲಿನ ಬಣ್ಣದವು, ಅವುಗಳನ್ನು ಬೆರೆಸುವ ವಿಧಾನ ಅವುಗಳ ಚೀಟಿಯಲ್ಲೇ ಇರುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಗ್ಲಾರ್ಜಿನ್‌ನ ಚೀಟಿ ತೆರೆದ ಮೇಲೆ 28 ದಿನ ಎನ್ನುತ್ತದೆ. ದಿನಕ್ಕೆ ಎರಡು ಯೂನಿಟ್ ಬಳಸುವ ಬೆಕ್ಕಿಗೆ 3 ಮಿಲಿಲೀಟರಿನ ಕಾರ್ಟ್ರಿಜ್‌ನಲ್ಲೇ 300 ಯೂನಿಟ್ ಇರುವುದರಿಂದ ಬಹುಪಾಲು ಉಳಿದುಹೋಗುತ್ತದೆ, ಹೊಟ್ಟೆ ಉರಿಯುತ್ತದೆ ನಿಜ. ಸದಾ ಫ್ರಿಜ್‌ನಲ್ಲಿಟ್ಟದ್ದನ್ನು ಮುಂದೆಯೂ ಬಳಸಬಹುದೇ ಎಂದು ನಿಮ್ಮ ವೈದ್ಯರನ್ನೇ ಕೇಳಿ. ನೀರು ಬೆರೆಸಿ ತೆಳು ಮಾಡುವುದಂತೂ ಎಂದೂ ಬೇಡ.

5. ಊಟ ಬದಲಾಯಿಸಿ, ಆದರೆ ನಿಧಾನವಾಗಿ

ಬೆಕ್ಕಿಗೆ ಹಾಲುರೊಟ್ಟಿ ಹಾಕುವುದು ನಮ್ಮ ಮನೆಗಳ ಹಳೆಯ ರೂಢಿ. ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದರೆ, ಅಥವಾ ಮೊಸರನ್ನ ಇಟ್ಟರೆ, ಪಿಷ್ಟ ಮತ್ತು ಸಕ್ಕರೆ ಎರಡೂ ಸೇರುತ್ತವೆ. ಬೆಕ್ಕು ಮಾಂಸಾಹಾರಿ ಪ್ರಾಣಿ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಪ್ರೋಟೀನ್ ಹೆಚ್ಚು, ಪಿಷ್ಟ ಕಡಿಮೆ ಇರುವ ಊಟ ಬೇಕು. ಒಟ್ಟು ಶಕ್ತಿಯಲ್ಲಿ ಪಿಷ್ಟದ ಪಾಲು 12 ಶೇಕಡಾದೊಳಗೆ ಇದ್ದರೆ ಒಳ್ಳೆಯದು. ಡಬ್ಬಿ ಅಥವಾ ಪೊಟ್ಟಣದಲ್ಲಿ ಬರುವ ಒದ್ದೆ ಆಹಾರ ಸಾಮಾನ್ಯವಾಗಿ ಇದಕ್ಕೆ ಹತ್ತಿರ. ಒಣ ಕಾಳಿನ ಆಹಾರ ದೂರ. ಚೀಟಿಯಲ್ಲಿ ಪಿಷ್ಟ ಎಷ್ಟೆಂದು ಬರೆದಿರುವುದಿಲ್ಲ, ನೀವೇ ಕಳೆಯಬೇಕು: ಒಣ ಆಹಾರದ ಚೀಟಿಯಲ್ಲಿ ಪ್ರೋಟೀನ್ 32, ಕೊಬ್ಬು 10, ತೇವ 10, ನಾರು 4, ಬೂದಿ (ಅಂದರೆ ಖನಿಜಾಂಶ) 8 ಎಂದಿದ್ದರೆ ಕೂಡಿ 64, ನೂರರಲ್ಲಿ ಉಳಿದ 36 ಪಿಷ್ಟ. ದುಬಾರಿ ಪೊಟ್ಟಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪಿಷ್ಟವೇ.

ಬೇಯಿಸಿದ ಕೋಳಿಮಾಂಸ ಉಪ್ಪಿಲ್ಲದೆ ಕೊಡಬಹುದು, ಆದರೆ ಅದೊಂದೇ ತಿಂಗಳುಗಟ್ಟಲೆ ಸಾಲದು. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಟೌರಿನ್ ಎಂಬ ಅಂಶವೂ ಬೇಯಿಸಿದ ನೀರಿನಲ್ಲಿ ಹೋಗಿಬಿಡುತ್ತದೆ. ತಟ್ಟೆಯಲ್ಲಿ ಉಳಿದ ಮಸಾಲೆಯ ತುಂಡು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಾಂಸ ಒಳಗೆ ಬರದ ಮನೆಗಳವರಿಗೆ ಒದ್ದೆ ಆಹಾರದ ಮೊಹರು ಮಾಡಿದ ಪೊಟ್ಟಣವೇ ದಾರಿ. ಮನೆಯವರ ಆಚಾರಕ್ಕೆ ನನ್ನ ಗೌರವವಿದೆ, ಆದರೆ ಬೆಕ್ಕಿನ ಹೊಟ್ಟೆ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಮೂತ್ರಪಿಂಡವೂ ಸೋತಿರುವ ಬೆಕ್ಕಾದರೆ ಊಟದ ಲೆಕ್ಕವೇ ಬೇರೆ, ವೈದ್ಯರು ಹೇಳಿದಂತೆ ನಡೆಯಿರಿ.

ಇಲ್ಲಿ ಎರಡು ಅಪಾಯಗಳಿವೆ. ಇನ್ಸುಲಿನ್ ನಡೆಯುತ್ತಿರುವಾಗ ಒಮ್ಮೆಲೇ ಪಿಷ್ಟ ನಿಲ್ಲಿಸಿದರೆ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿ, ಸಕ್ಕರೆ ಕುಸಿಯುತ್ತದೆ. ಊಟ ಬದಲಾಯಿಸುವ ದಿನವನ್ನು ವೈದ್ಯರಿಗೆ ತಿಳಿಸಿ, ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ. ಎರಡನೆಯದು, ತೆಳ್ಳಗಾಗಲಿ ಎಂದು ಉಪವಾಸ ಕೆಡವುವುದು. ದಪ್ಪ ಬೆಕ್ಕು ಎರಡು ಮೂರು ದಿನ ಉಣ್ಣದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ವಾರಕ್ಕೆ ಮೈತೂಕದ ಒಂದು ಶೇಕಡಾ ಇಳಿದರೆ ಸಾಕು. ಪಕ್ಕದ ಮನೆಯವರು ಕನಿಕರದಿಂದ ಇಡುವ ಹಾಲಿನ ಬಟ್ಟಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾಳಿಗೆಯಿಂದ ಮಾಳಿಗೆಗೆ ಹಾರುವ ಬೆಕ್ಕಿನ ಸಕ್ಕರೆಯನ್ನು ಹಿಡಿತಕ್ಕೆ ತರುವುದು ಬಹಳ ಕಷ್ಟ.

6. ಚುಚ್ಚುವ ಕ್ರಮ

ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಯ ಅಂತರ. ಬೆಳಗ್ಗೆ ಏಳು, ಸಂಜೆ ಏಳು ಎಂದಿಟ್ಟುಕೊಂಡರೆ ಕೆಲಸಕ್ಕೆ ಹೋಗುವವರಿಗೂ ಆಗುತ್ತದೆ. ಮೊದಲು ಊಟ ಇಡಿ. ಬೆಕ್ಕು ತಿನ್ನತೊಡಗಿದ ಮೇಲೆ ಚುಚ್ಚಿ, ಬಹಳ ಬೆಕ್ಕುಗಳಿಗೆ ತಿನ್ನುವ ಭರದಲ್ಲಿ ಗೊತ್ತೇ ಆಗುವುದಿಲ್ಲ.

ಸಿರಿಂಜಿನಲ್ಲಿ ಗಾಳಿಗುಳ್ಳೆ ಇದ್ದರೆ ಬೆರಳಿನಿಂದ ತಟ್ಟಿ ಹೊರಗೆ ತಳ್ಳಿ. ಇಷ್ಟು ಸಣ್ಣ ಪ್ರಮಾಣದಲ್ಲಿ ಒಂದು ಗುಳ್ಳೆಯೇ ಅರ್ಧ ಔಷಧದ ಜಾಗ ತಿನ್ನುತ್ತದೆ. ಪಕ್ಕೆಯ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಎತ್ತಿದರೆ ಕೆಳಗೆ ಸಣ್ಣ ಗುಡಾರದಂಥ ಜಾಗ ಆಗುತ್ತದೆ. ಸೂಜಿಯ ಓರೆ ಬಾಯಿ ಮೇಲೆ ಇರುವಂತೆ ಹಿಡಿದು, ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಆ ಜಾಗದೊಳಗೆ ನೂಕಿ, ಒತ್ತಿ, ಹೊರತೆಗೆಯಿರಿ. ಉಜ್ಜಬೇಡಿ. ದಿನಾಲೂ ಜಾಗ ಸ್ವಲ್ಪ ಬದಲಾಯಿಸಿ. ಕೂದಲು ದಟ್ಟವಾಗಿದ್ದರೆ ಒಂದೆರಡು ಕಡೆ ಕತ್ತರಿಸಿಟ್ಟುಕೊಳ್ಳಿ, ಚರ್ಮ ಕಾಣಬೇಕು.

ಹೊರತೆಗೆದ ಮೇಲೆ ಕೂದಲು ಒದ್ದೆಯಾಗಿದ್ದರೆ ಔಷಧ ಹೊರಗೆ ಹೋಗಿದೆ ಎಂದರ್ಥ. ಎಷ್ಟು ಹೊರಗೆ ಹೋಯಿತು, ಎಷ್ಟು ಒಳಗೆ ಹೋಯಿತು ಎಂದು ಯಾರೂ ಹೇಳಲಾರರು. ಮತ್ತೆ ಚುಚ್ಚಬೇಡಿ, ಮುಂದಿನ ಹೊತ್ತಿಗೆ ಕಾಯಿರಿ. ಒಂದು ಹೊತ್ತು ಮರೆತುಹೋದರೂ ಅಷ್ಟೇ, ಎರಡು ಹೊತ್ತಿನದ್ದನ್ನು ಕೂಡಿಸಿ ಕೊಡುವಂತಿಲ್ಲ. ಬೆಕ್ಕು ಊಟ ಮುಟ್ಟದಿದ್ದರೆ ಅಥವಾ ವಾಂತಿ ಮಾಡಿದ್ದರೆ ಚುಚ್ಚುವ ಮುಂಚೆ ವೈದ್ಯರಿಗೆ ಫೋನ್ ಮಾಡಿ.

ತುಂಬಿದ ಮನೆಗಳಲ್ಲಿ ನಡೆಯುವ ದೊಡ್ಡ ಎಡವಟ್ಟು ಇನ್ನೊಂದಿದೆ: ಸೊಸೆ ಚುಚ್ಚಿದ್ದು ಗೊತ್ತಿಲ್ಲದೆ ಅತ್ತೆ ಮತ್ತೊಮ್ಮೆ ಚುಚ್ಚುವುದು. ಫ್ರಿಜ್‌ನ ಬಾಗಿಲಿಗೆ ಕ್ಯಾಲೆಂಡರ್ ಅಂಟಿಸಿ, ಚುಚ್ಚಿದವರು ಆಗಿಂದಾಗಲೇ ಗುರುತು ಹಾಕಲಿ. ಗುರುತು ಇದೆಯೋ ಇಲ್ಲವೋ ಎಂಬ ಜಗಳವಾದರೆ ಆ ಹೊತ್ತು ಬಿಟ್ಟುಬಿಡಿ. ಮದುವೆ, ಜಾತ್ರೆ ಎಂದು ಊರು ಬಿಡುವುದು ಇದ್ದೇ ಇರುತ್ತದೆ. ಇನ್ನೊಬ್ಬರಿಗೆ ಈಗಲೇ ಕಲಿಸಿಡಿ.

ಒಂದು ಸಿರಿಂಜ್ ಒಂದೇ ಸಲ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆಸ್ಪತ್ರೆಗೆ ಕೊಡಿ. ಕಸದ ಗಾಡಿಗೆ ಹಾಕಿದರೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

7. ಕಿವಿಯಿಂದ ಒಂದು ಹನಿ ರಕ್ತ

ಬೆಕ್ಕಿನ ಕಿವಿಯ ಹೊರ ಅಂಚಿನಲ್ಲಿ ಸಣ್ಣ ರಕ್ತನಾಳ ಹಾದುಹೋಗುತ್ತದೆ. ಹಿಂದಿನಿಂದ ಟಾರ್ಚ್ ಹಿಡಿದರೆ ಕಾಣುತ್ತದೆ. ಬೆಚ್ಚನೆಯ ಬಟ್ಟೆಯಿಂದ ಕಿವಿಯನ್ನು ಅರ್ಧ ನಿಮಿಷ ಹಿಡಿಯಿರಿ, ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಹಿಂದೆ ಹತ್ತಿ ಆಧಾರ ಕೊಟ್ಟು ಲ್ಯಾನ್ಸೆಟ್‌ನಿಂದ ಚುಚ್ಚಿ. ವ್ಯಾಸಲೀನ್ ಇದ್ದರೆ ರಕ್ತ ಕೂದಲಿನಲ್ಲಿ ಹರಡದೆ ಹನಿಯಾಗಿ ನಿಲ್ಲುತ್ತದೆ. ಪಟ್ಟಿಯನ್ನು ಹನಿಗೆ ತಾಗಿಸಿ, ಆಮೇಲೆ ಹತ್ತಿಯಿಂದ ಒತ್ತಿ ಹಿಡಿಯಿರಿ. ಮೊದಲ ದಿನಗಳಲ್ಲಿ ಹನಿ ಬರದೆ ಹೋದರೆ ಬೇಸರ ಬೇಡ, ಕಿವಿ ಪಳಗಿದಂತೆ ರಕ್ತ ಸಲೀಸಾಗಿ ಬರುತ್ತದೆ.

ಚುಚ್ಚುವ ಮುಂಚಿನ ಅಂಕಿಯನ್ನು ಬರೆದಿಡಿ. ಅದು 150ಕ್ಕಿಂತ ಕಡಿಮೆ ಇದ್ದರೆ ವೈದ್ಯರನ್ನು ಕೇಳದೆ ಇನ್ಸುಲಿನ್ ಕೊಡಬೇಡಿ. ವೈದ್ಯರು ಹೇಳಿದ ದಿನ ಎರಡು ಗಂಟೆಗೊಮ್ಮೆ, ಹನ್ನೆರಡು ಗಂಟೆಯವರೆಗೆ ಪರೀಕ್ಷಿಸಿ ಸಕ್ಕರೆಯ ಏರಿಳಿತದ ರೇಖೆ ಮಾಡಬೇಕಾಗುತ್ತದೆ. ಅತಿ ಕೆಳಗಿನ ಅಂಕಿ 80ರಿಂದ 150ರ ನಡುವೆ ಬಂದು, ಉಳಿದ ಹೊತ್ತು 300 ದಾಟದಿದ್ದರೆ ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ. ಸಾಮಾನ್ಯವಾಗಿ 250, 300 ದಾಟಿದ ಮೇಲೆಯೇ ಬೆಕ್ಕಿನ ಮೂತ್ರಕ್ಕೆ ಸಕ್ಕರೆ ಇಳಿಯುತ್ತದೆ.

ಒಂದು ದೊಡ್ಡ ಅಂಕಿ ಕಂಡ ತಕ್ಷಣ ಅರ್ಧ ಯೂನಿಟ್ ಏರಿಸಿಬಿಡುವ ಆತುರ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಹೊಸ ಪ್ರಮಾಣಕ್ಕೆ ಮೈ ಹೊಂದಿಕೊಳ್ಳಲು ಒಂದು ವಾರವಾದರೂ ಬೇಕು. ಅಂಕಿಗಳಿಗಿಂತ ನೀರಿನ ಬಟ್ಟಲು, ತಕ್ಕಡಿ, ಬೆಕ್ಕು ಮೂತ್ರ ಮಾಡುವ ಮರಳಿನ ತಟ್ಟೆ ಇವು ಹೇಳುವುದನ್ನು ನಾನು ಹೆಚ್ಚು ನಂಬುತ್ತೇನೆ.

8. ಸಕ್ಕರೆ ಕುಸಿದಾಗ

ಬೆಕ್ಕು ತೂರಾಡುವುದು, ನಡುಗುವುದು, ಶೂನ್ಯದಲ್ಲಿ ನೋಟ ನೆಡುವುದು, ಇದ್ದಕ್ಕಿದ್ದಂತೆ ಹಸಿವಿನಿಂದ ಅರಚುವುದು, ಕೊನೆಗೆ ಸೆಳೆತ. ಗ್ಲುಕೋಮೀಟರ್ 60ಕ್ಕಿಂತ ಕಡಿಮೆ ತೋರಿಸಿದರೆ ಲಕ್ಷಣ ಇಲ್ಲದಿದ್ದರೂ ತುರ್ತೆಂದೇ ತಿಳಿಯಿರಿ. ಎಚ್ಚರ ಇದ್ದು ತಿನ್ನುತ್ತಿದ್ದರೆ ಕೂಡಲೇ ಊಟ ಇಡಿ. ಈ ಹೊತ್ತಿನಲ್ಲಿ ಹಾಲುರೊಟ್ಟಿಯೂ ಆದೀತು. ತಿನ್ನದಿದ್ದರೆ ಒಂದು ಚಮಚದಷ್ಟು ಜೇನುತುಪ್ಪವನ್ನೋ ನೀರಿನಲ್ಲಿ ಕಲಸಿದ ಗ್ಲುಕೋಸನ್ನೋ ಒಸಡಿಗೆ ಸ್ವಲ್ಪ ಸ್ವಲ್ಪವಾಗಿ ಸವರಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಸೆಳೆತ ಇರುವಾಗ ಬೆರಳು ಹಾಕಿದರೆ ಕಚ್ಚುತ್ತದೆ. ಸವರುತ್ತಲೇ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡಂತೆ ಕಂಡರೂ ಹೊರಡಿ, ಇನ್ಸುಲಿನ್ ಇನ್ನೂ ಮೈಯಲ್ಲಿದೆ, ಸಕ್ಕರೆ ಮತ್ತೆ ಇಳಿಯುತ್ತದೆ.

ರಾತ್ರಿ ಹತ್ತು ಗಂಟೆಗೆ ಯಾರಿಗೆ ಫೋನ್ ಮಾಡುತ್ತೀರಿ ಎಂಬುದನ್ನು ಇಂದೇ ತಿಳಿದುಕೊಂಡು ಕ್ಯಾಲೆಂಡರಿನ ಮೇಲೆ ಬರೆದಿಡಿ. ಭಾನುವಾರ ಮತ್ತು ಹಬ್ಬದ ದಿನಕ್ಕೂ ಒಂದು ಹೆಸರು ಇರಲಿ.

9. ಕೀಟೋನ್ ಕಂಡಾಗ

ಇನ್ಸುಲಿನ್ ಸಾಲದಾದಾಗ ಮೈ ಕೊಬ್ಬನ್ನು ಕರಗಿಸಿ ಉರಿಸುತ್ತದೆ, ಅದರಿಂದ ಹುಟ್ಟುವ ಆಮ್ಲಗಳೇ ಕೀಟೋನ್. ಊಟ ಬಿಟ್ಟು ಮೂಲೆ ಹಿಡಿಯುವುದು, ವಾಂತಿ, ಜೋರು ಉಸಿರು, ಬಾಯಿಂದ ಉಗುರಿನ ಬಣ್ಣ ತೆಗೆಯುವ ದ್ರವದಂಥ ವಾಸನೆ ಇದರ ಗುರುತು. ಮೂತ್ರದ ಪಟ್ಟಿಯಲ್ಲಿ ಕೀಟೋನ್ ಬಣ್ಣ ಬಂದು ಬೆಕ್ಕು ಮಂಕಾಗಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ರಕ್ತನಾಳಕ್ಕೆ ದ್ರವ ಏರಿಸಬೇಕು, ಅದೇ ದಿನ.

10. ಇನ್ಸುಲಿನ್ ನಿಲ್ಲುವ ಕಾಲ ಬಂದರೆ

ಬೇಗ ಪತ್ತೆಯಾಗಿ, ಊಟ ಬದಲಾಗಿ, ತೂಕ ಇಳಿದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವಾಗುತ್ತದೆ. ಇದು ಮನುಷ್ಯರಿಗಿಂತ ಬೆಕ್ಕುಗಳಿಗೆ ಒಲಿದ ಅದೃಷ್ಟ. ಸೂಜಿಗೆ ಮುಂಚಿನ ಅಂಕಿ ಮತ್ತೆ ಮತ್ತೆ ಕಡಿಮೆ ಬರುತ್ತಿದ್ದರೆ ಅದೇ ಸೂಚನೆ, ಪ್ರಮಾಣ ಇಳಿಸುವ ಬಗ್ಗೆ ವೈದ್ಯರನ್ನು ಕೇಳಿ. ಇದನ್ನು ಗಮನಿಸದೆ ಹಳೆಯ ಪ್ರಮಾಣವನ್ನೇ ಚುಚ್ಚುತ್ತ ಹೋದರೆ ಎಂಟನೆಯ ಹಂತಕ್ಕೆ ಬಂದು ನಿಲ್ಲುತ್ತೀರಿ.

ಇನ್ಸುಲಿನ್ ನಿಂತ ಮೇಲೂ ವಾರಕ್ಕೊಮ್ಮೆ ಮೂತ್ರದ ಪಟ್ಟಿ ನೋಡಿ, ಹಾಲುರೊಟ್ಟಿಗೆ ಮರಳಬೇಡಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಈ ಬೆಕ್ಕಿಗೆ ಸಕ್ಕರೆ ಕಾಯಿಲೆ ಇತ್ತು ಎಂದು ಮೊದಲು ಹೇಳಿ, ಚೀಟಿಯ ಮೇಲೂ ಬರೆಸಿ; ತುರಿಕೆಗೆ ಕೊಡುವ ಒಂದು ಸ್ಟೀರಾಯ್ಡ್ ಸೂಜಿ ಕಾಯಿಲೆಯನ್ನು ಮರಳಿ ತರಬಹುದು. ಹೆಣ್ಣು ಬೆಕ್ಕು ಬೆದೆಗೆ ಬರದಂತೆ ಹಾಕುವ ಹಾರ್ಮೋನ್ ಚುಚ್ಚುಮದ್ದಿನಿಂದಲೂ ಇದೇ ತೊಂದರೆ, ಅದರ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗ್ಲುಕೋಮೀಟರನ್ನು ಯಾರಿಗೂ ಕೊಟ್ಟುಬಿಡಬೇಡಿ, ಪಟ್ಟಿಗಳ ಅವಧಿ ಮುಗಿದರೆ ಹೊಸದು ತಂದಿಡಿ.